ಅನುಮಾನದ ಕಾಲಂ

೧೮ ಜೂನ್ ೨೦೨೪

ಕನ್ನಡದಲ್ಲಿ ಬರೆಯುತ್ತಿದ್ದೇನೆ, ಇಲ್ಲಿ ಯಾರಿಗೂ ಓದಲು ಬರುವುದಿಲ್ಲ ಎಂಬ ಧೈರ್ಯದಿಂದ. ಅಪ್ಪನಿಗೆ ಬರುತ್ತದೆ, ಆದರೆ ಹೈವೇ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟವನಿಗೆ ಟೈರಿನ ಮೇಲಿನ ನಂಬರು ಬಿಟ್ಟು ಬೇರೇನನ್ನೂ ಓದುವ ಪುರುಸೊತ್ತಿಲ್ಲ. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗಡಿಯ ಈಚೆ, ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ದಾಳಿಂಬದ ಅರ್ಧ ಊರು ಮನೆಯೊಳಗೆ ಕನ್ನಡವನ್ನೇ ಆಡುತ್ತದೆ, ಅಕ್ಷರ ತೋರಿಸಿದರೆ ಮಾತ್ರ ನಗುತ್ತದೆ.

ಇಂದು ಉಮರ್ಗಾದ ಶಾಲೆಯಲ್ಲಿ ಹೆಡ್ ಸರ್ ಒಂಬತ್ತನೆಯಲ್ಲಿ ಕಡಿಮೆ ಬಂದವರನ್ನೆಲ್ಲ ತಮ್ಮ ಕೋಣೆಯ ಹೊರಗೆ ಸಾಲಾಗಿ ನಿಲ್ಲಿಸಿದರು. ನನಗೆ ಶೇಕಡಾ ನಲವತ್ತೊಂದು. ಪಕ್ಕದಲ್ಲಿದ್ದ ಯೋಗಿತಾಗೆ ನಲವತ್ತಮೂರು, ಆ ಎರಡರ ಜಂಬ ಅವಳಿಗೆ. ಸರ್ ಹೇಳಿದ್ದು ಇಷ್ಟು: ಈ ಶಾಲೆಯ ಹತ್ತನೆಯ ಫಲಿತಾಂಶ ನೂರಕ್ಕೆ ನೂರು, ಅದನ್ನು ಕೆಡಿಸಲು ನಿಮ್ಮನ್ನು ಬಿಡುವುದಿಲ್ಲ. ಆಗಸ್ಟಿನ ಘಟಕ ಪರೀಕ್ಷೆಯಲ್ಲಿ ಸುಧಾರಿಸದವರ ಹೆಸರು ತೆಗೆದು ಸತರಾ ನಂಬರ್ ಫಾರ್ಮು ತುಂಬಿಸುತ್ತಾರಂತೆ. ಹದಿನೇಳನೆಯ ನಂಬರಿನ ಆ ಫಾರ್ಮು ತುಂಬಿದವರು ಹೊರಗಿನವರಾಗಿ ಪರೀಕ್ಷೆಗೆ ಕೂರಬೇಕು. ಅವರಿಗೆ ಪಾಠವಿಲ್ಲ, ಬೆಂಚಿಲ್ಲ, ಶಾಲೆಯ ಹೆಸರಿಲ್ಲ.

ಹಾಗಾದರೆ ಉದಗೀರ ಮುಗಿದಂತೆಯೇ. ಅಲ್ಲಿಯ ಸೈನ್ಸ್ ಕಾಲೇಜಿನ ಮೊದಲ ಪಟ್ಟಿ ತೊಂಬತ್ತರ ಕೆಳಗೆ ಇಳಿಯುವುದಿಲ್ಲ. ನಿಲಂಗಾದ ದೊಡ್ಡವ್ವನ ಮಗಳು ಸುಮಂಗಲಾ ಅಕ್ಕ ಅಲ್ಲೇ ಓದುತ್ತಿದ್ದಾಳೆ. ನಾನೂ ಅಲ್ಲಿಗೆ ಹೋಗಬೇಕು. ಏಳನೆಯವರೆಗೆ ಬಸವಕಲ್ಯಾಣದ ಹತ್ತಿರ ಆಯಿಯ ಊರಿನ ಕನ್ನಡ ಶಾಲೆಯಲ್ಲಿ ನಾನೇ ಮೊದಲು, ಅದೂ ಪ್ರತಿ ವರ್ಷ. ಆಯಿ ತೀರಿಕೊಂಡ ಮೇಲೆ ಅಪ್ಪ ಇಲ್ಲಿಗೆ ಕರೆತಂದು ಮರಾಠಿ ಶಾಲೆಗೆ ಹಾಕಿದ. ಅಂದಿನಿಂದ ನಾನು ದಡ್ಡಿ. ಸೇರಿದ ದಿನವೇ "ಆಯಿ ಸತ್ತಳು" ಎಂದು ಹೇಳಿಕೊಂಡು ಅತ್ತಿದ್ದೆ. ನಮ್ಮಲ್ಲಿ ಆಯಿ ಎಂದರೆ ಅಜ್ಜಿ, ಇವರಲ್ಲಿ ತಾಯಿ. ತಿಂಗಳಾದ ಮೇಲೆ ಅವ್ವ ಡಬ್ಬಿ ಕೊಡಲು ಬಂದಾಗ ಮ್ಯಾಡಮ್ ಬೆಚ್ಚಿಬಿದ್ದರು.

ಆಗ ನಾನೂ ನಕ್ಕಿದ್ದೆ. ಇವತ್ತು ಆ ಸಾಲಿನಲ್ಲಿ ನಿಂತಾಗ ನಗು ಬರಲಿಲ್ಲ.

೨೫ ಜೂನ್

ನನ್ನನ್ನು ಸಾಯಿಸಿಬಿಡಬೇಕಿತ್ತು, ಅದಾದರೂ ವಾಸಿ.

ವಿಜ್ಞಾನದ ಪಂಡಿತ ಸರ್ ಕಳೆದ ವರ್ಷದ ನನ್ನ ಪ್ರಯೋಗದ ಪರೀಕ್ಷೆಯ ಹಾಳೆಯನ್ನು ತರಗತಿಗೆ ತಂದು ಓದಿದರು. ಹಾಳೆಯಲ್ಲಿ ಮೂರು ಕಾಲಂ: ಕೃತಿ, ನಿರೀಕ್ಷಣ, ಅನುಮಾನ. ಏನು ಮಾಡಿದೆ, ಏನು ಕಂಡಿತು, ಮೂರನೆಯದು ಅನುಮಾನ. ನಾನು ಬರೆದದ್ದು: ನೀಲಿ ಲಿಟ್ಮಸ್ ಕಾಗದವನ್ನು ದ್ರಾವಣದಲ್ಲಿ ಅದ್ದಿದೆ. ಕೆಂಪಾಯಿತು. ಅನುಮಾನ: ಬಾಟಲಿ ಹಳೆಯದಿರಬಹುದು, ಕಾಗದವನ್ನು ಮೊದಲೇ ಯಾರೋ ಮುಟ್ಟಿರಬಹುದು, ವೈಭವನ ಕೈ ಸ್ವಚ್ಛವಿರಲಿಲ್ಲ.

"ಹೀ ಮುಲಗಿ ಶಾಸ್ತ್ರಜ್ಞ ನಾಹೀ, ಫೌಜದಾರ ಆಹೇ" ಎಂದರು ಸರ್. ಇವಳು ವಿಜ್ಞಾನಿಯಲ್ಲ, ಪೊಲೀಸ್ ಫೌಜದಾರ. ಇಡೀ ತರಗತಿ ಬೆಂಚು ಬಡಿದು ನಕ್ಕಿತು. ವೈಭವ ತನ್ನ ಎರಡೂ ಕೈ ಎತ್ತಿ ಎಲ್ಲರಿಗೂ ತೋರಿಸಿದ. ಏನು ತಪ್ಪಾಯಿತು ಎಂದೇ ನನಗೆ ತಿಳಿಯಲಿಲ್ಲ. ಎರಡು ವರ್ಷದಿಂದ ಆ ಕಾಲಮ್ಮನ್ನು ನಾನು ಎಷ್ಟು ಶ್ರದ್ಧೆಯಿಂದ ತುಂಬಿದ್ದೆ!

ಸಂಜೆ ಶೇರ್ ಆಟೋದಲ್ಲಿ ಯೋಗಿತಾ ಬಿಡಿಸಿ ಹೇಳಿದಳು. ಅವಳದು ದಾಳಿಂಬದ ಹಳೆಯ ಮನೆತನ, ಹೊಲ ಇದೆ, ಮನೆಯಲ್ಲಿ ಲಿಂಗಪೂಜೆ ಮುಗಿಯದೆ ಚಹಾ ಸಿಗುವುದಿಲ್ಲ. ಮನೆಮಾತು ಕನ್ನಡ, ಓದಿದ್ದು ಒಂದನೆಯಿಂದಲೂ ಮರಾಠಿ.

"ಏ ಮೀನಲ, ಖರೇನೇ ಗೊತ್ತಿಲ್ಲೇನು ನಿನಗ? ಅವರ ಅನುಮಾನ ಬ್ಯಾರೆ ಅದ. ನೋಡಿದ ಮ್ಯಾಲ ಏನ್ ತಿಳೀತು, ಅದಕ್ಕ ಅನುಮಾನ ಅಂತಾರ. ದ್ರಾವಣ ಆಮ್ಲ ಅದ, ಅಷ್ಟೇ ಬರೀಬೇಕಿತ್ತು."

"ಮತ್ತ ನಮ್ಮ ಅನುಮಾನಕ್ಕ ಏನಂತಾರ?"

"ಸಂಶಯ ಅಂತಾರ. ಹೋಗ್ಲಿ ಬಿಡು, ಅಳಬ್ಯಾಡ. ವೈಭವನ ಕೈ ಖರೇನೇ ಹೊಲಸ ಇರ್ತಾವ."

ಅಳು ನಗು ಎರಡೂ ಒಟ್ಟಿಗೇ ಬಂದವು. ಆಟೋದವನು ಕನ್ನಡಿಯಲ್ಲಿ ನೋಡಿದ.

೨ ಜುಲೈ

ಒಪ್ಪಂದವಾಗಿದೆ. ನನಗೆ ವಿಷಯ ತಿಳಿಯುತ್ತದೆ, ಮಾತು ಸಿಗುವುದಿಲ್ಲ. ಯೋಗಿತಾಗೆ ಮಾತು ಬರುತ್ತದೆ, ವಿಷಯ ಹತ್ತುವುದಿಲ್ಲ. ಬಿತ್ತನೆ ಬಂದರೆ ಅವಳನ್ನು ಹೊಲಕ್ಕೆ ಕರೆಯುತ್ತಾರೆ, ವಾರಗಟ್ಟಲೆ ಪಾಠ ತಪ್ಪುತ್ತದೆ. ಈಗ ಸಂಜೆ ನಮ್ಮ ಕಟ್ಟೆಯ ಮೇಲೆ ಇಬ್ಬರೂ ಕೂರುತ್ತೇವೆ. ನಾನು ಪಾಠವನ್ನು ಕನ್ನಡದಲ್ಲಿ ಬಿಡಿಸುತ್ತೇನೆ, ಅವಳು ಮರಾಠಿ ಸರಿಮಾಡುತ್ತಾಳೆ. ಅವಳು ಪುಸ್ತಕ ತೆರೆಯುವುದೇ ಇಲ್ಲ, ನನ್ನ ಬಾಯಿ ನೋಡಿಕೊಂಡು ಕೇಳಿದ್ದನ್ನೇ ಹಾಗೆಯೇ ಒಪ್ಪಿಸುತ್ತಾಳೆ. ಗಿಳಿ ಎಂದು ಕರೆದೆ, ಬೆನ್ನಿಗೆ ಗುದ್ದಿದಳು.

ಕೂಲಿಯಾಗಿ ಅವಳಿಗೆ ಕನ್ನಡ ಅಕ್ಷರ ಕಲಿಸಬೇಕಂತೆ. ಯಾಕೆ ಎಂದೆ.

"ಕರ್ನಾಟಕದ ಬಸ್ಸಿನ ಬೋರ್ಡ್ ಓದಬೇಕವ್ವ. ಪ್ರತಿ ಸಲ ಆ ಕಂಡಕ್ಟರಗ ಕೇಳಬೇಕಾದ್ರ ಸಿಟ್ಟ ಬರ್ತದ."

ಮೊದಲ ದಿನ ಅ ಆ ಇ ಈ. 'ಈ' ಅಕ್ಷರ ಕಂಡು, ಇದು ಕೋಳಿ ಕೂತಂಗ ಅದ ಎಂದಳು.

೧೧ ಜುಲೈ

ಗಣಿತದ ಸರ್ ನನ್ನ ಹೆಸರು ಕೇಳಿದರು. ಎರಡು ವರ್ಷದಲ್ಲಿ ಮೊದಲ ಸಲ, ಬೈಯುವುದಕ್ಕಲ್ಲದೆ.

೨೯ ಜುಲೈ

ಆಮ್ಲ, ಕಾರ್ಬೊನೇಟ್, ಇಂಗಾಲದ ಡೈಆಕ್ಸೈಡ್. ಆ ಅನಿಲ ಸುಣ್ಣದ ನೀರನ್ನು ಹಾಲಿನಂತೆ ಬೆಳ್ಳಗೆ ಮಾಡುತ್ತದೆ. ಯೋಗಿತಾ ಇದನ್ನು ಹಾಡಿನಂತೆ ಹೇಳುತ್ತ ಮನೆಗೆ ಹೋದಳು. ಅವಳಿಗೆ ಈಗ ಒತ್ತಕ್ಷರ ಬಿಟ್ಟು ಉಳಿದದ್ದೆಲ್ಲ ಬರುತ್ತದೆ. ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ. ಇವತ್ತು ನಾನು ಇಲ್ಲಿಗೆ ಬಂದ ಮೇಲಿನ ಅತ್ಯಂತ ಒಳ್ಳೆಯ ದಿನ. ಯಾಕೆಂದು ಗೊತ್ತಿಲ್ಲ, ಏನೂ ಆಗಲಿಲ್ಲ.

೧೪ ಆಗಸ್ಟ್

ಘಟಕ ಪರೀಕ್ಷೆ ಮುಗಿಯಿತು. ನನಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಬರೆಯಲೂ ಬಂದಿತು. ಮನೆಗೆ ಬಂದವಳೇ ಎರಡು ರೊಟ್ಟಿ ಹೆಚ್ಚು ತಿಂದೆ.

೨೩ ಆಗಸ್ಟ್

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ವಿಜ್ಞಾನದಲ್ಲಿ ಇಪ್ಪತ್ತಕ್ಕೆ ನನಗೆ ಹದಿನೆಂಟು, ಯೋಗಿತಾಗೆ ಹದಿನೈದು. ಆದರೆ ಅಂಕ ಹೇಳುವ ಮೊದಲೇ ಪಂಡಿತ ಸರ್ ನನ್ನನ್ನು ಸ್ಟಾಫ್ ರೂಮಿಗೆ ಕರೆದರು. ಮೇಜಿನ ಮೇಲೆ ನಮ್ಮಿಬ್ಬರ ಉತ್ತರಪತ್ರಿಕೆಗಳು ಅಕ್ಕಪಕ್ಕ ಇದ್ದವು, ಎರಡರಲ್ಲೂ ಒಂದೇ ಜಾಗದಲ್ಲಿ ಕೆಂಪು ಗೆರೆ. ಇಬ್ಬರೂ "ಸುನ್ಯಾಚೆ ಪಾಣಿ" ಎಂದು ಬರೆದಿದ್ದೆವು.

ಮರಾಠಿಯಲ್ಲಿ ಸುಣ್ಣಕ್ಕೆ ಚುನಾ. ಅದರ ನೀರಿಗೆ ಪುಸ್ತಕದಲ್ಲಿ "ಚುನ್ಯಾಚೀ ನಿವಳೀ" ಎಂದಿದೆ. ನಾನು ಸುಣ್ಣವನ್ನೇ ಹಿಡಿದು ಮರಾಠಿ ಮಾಡಿದ್ದೇನೆ. ಯೋಗಿತಾ ನಾನು ಹೇಳಿದ್ದನ್ನೇ ಒಪ್ಪಿಸಿದ್ದಾಳೆ. ಮನೆಯಲ್ಲಿ ಅವಳೂ ಸುಣ್ಣವೇ ಅನ್ನುವುದರಿಂದ ಅವಳ ಕಿವಿಗೂ ತಪ್ಪು ತಟ್ಟಿಲ್ಲ. ಸುನಾ ಎಂದರೆ ಮರಾಠಿಯಲ್ಲಿ ಬಿಕೋ ಎನ್ನುವುದು, ಯಾರೂ ಇಲ್ಲದ್ದು. ಬಿಕೋ ಎನ್ನುವ ನೀರು ಬೆಳ್ಳಗಾಯಿತು ಎಂದು ಇಬ್ಬರೂ ಬರೆದಿದ್ದೇವೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಆಮೇಲೆ ಸರ್ ನಗು ನಿಲ್ಲಿಸಿದರು. ಇಬ್ಬರ ಸರಿ ಉತ್ತರ ಒಂದೇ ಇರಬಹುದು, ಇಬ್ಬರ ತಪ್ಪು ಒಂದೇ ಇರುವುದು ಹೇಗೆ ಎಂದರು. ಕಳೆದ ವರ್ಷ ಶೇಕಡಾ ನಲವತ್ತೊಂದು ತೆಗೆದವಳಿಗೆ ಈಗ ಇಪ್ಪತ್ತಕ್ಕೆ ಹದಿನೆಂಟು ಹೇಗೆ ಬಂತು ಎಂದೂ ಕೇಳಿದರು. ಸೀಮೆಸುಣ್ಣ ಕೊಟ್ಟು ಬೋರ್ಡಿನ ಮೇಲೆ ಸಮೀಕರಣ ಬರೆಸಿದರು. ಬರೆದೆ. ಇನ್ನೊಂದು ಕೊಟ್ಟರು, ಅದನ್ನೂ ಬರೆದೆ. ಆಗ ಅವರ ಮುಖ ಸ್ವಲ್ಪ ಸಡಿಲವಾಯಿತು.

"ತೂ ಫಕ್ತ ನಿರೀಕ್ಷಣ ಸಾಂಗ. ಅನುಮಾನ ಮೀ ಕಾಢತೋ." ನೀನು ಕಂಡದ್ದಷ್ಟೇ ಹೇಳು, ಅದರಿಂದ ಏನು ತಿಳಿಯಬೇಕೋ ನಾನು ತಿಳಿದುಕೊಳ್ಳುತ್ತೇನೆ.

ಹೇಳಿದೆ. ಯೋಗಿತಾ ನನ್ನ ಹಿಂದಿನ ಬೆಂಚಿನಲ್ಲಿದ್ದಳು. ನನ್ನ ಪತ್ರಿಕೆ ಬೆಂಚಿನ ಅಂಚಿನಲ್ಲಿತ್ತು. ಒಮ್ಮೆ ಅವಳ ಪೆನ್ನು ಕೆಳಗೆ ಬಿತ್ತು, ಎತ್ತಿಕೊಳ್ಳಲು ಬಗ್ಗಿದಳು. ಮೂರೂ ನಿಜ.

ಕಟ್ಟೆಯ ಮೇಲೆ ಒಟ್ಟಿಗೆ ಓದಿದ್ದನ್ನು ಅವರು ಕೇಳಲಿಲ್ಲ. ಸುಣ್ಣದ ವಿಷಯವನ್ನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದಿದ್ದದ್ದನ್ನು ಹೇಳಹೋಗಿ, ಇಬ್ಬರೂ ಸೇರಿ ಏನೋ ಹೂಡಿದ್ದಾರೆ ಎಂದುಕೊಂಡಿದ್ದರೆ ಇಬ್ಬರಿಗೂ ಸತರಾ ನಂಬರ್. ಹಾಗಾದರೆ ಯಾರಿಗೆ ಲಾಭ? ನಾನು ಸುಳ್ಳು ಹೇಳಿಲ್ಲ. ಒಂದೇ ಒಂದು ಸುಳ್ಳನ್ನೂ ಹೇಳಿಲ್ಲ.

೨೬ ಆಗಸ್ಟ್

ಇವತ್ತು ಯೋಗಿತಾಳ ಸರದಿ. ಸ್ಟಾಫ್ ರೂಮಿನ ಕಿಟಕಿಯಿಂದ ಕಂಡಿತು. ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತಿದ್ದಳು, ಏನೂ ಬರೆಯಲಿಲ್ಲ. ಬಾಯಲ್ಲಿ ಕೇಳಿದ್ದರೆ ಪಟಪಟ ಹೇಳುತ್ತಿದ್ದಳು. ಸರ್ ಏನೋ ಕೇಳಿದರು, ಅವಳು ತಲೆ ತಗ್ಗಿಸಿದಳು. ಮತ್ತೆ ಕೇಳಿದರು. ಅವಳು ಬಾಯಿ ಬಿಡಲೇ ಇಲ್ಲ.

ಯಾಕೆ ಬಾಯಿ ಬಿಡಲಿಲ್ಲ? ಮೀನಲ ಹೇಳಿಕೊಟ್ಟಳು ಎಂದು ಒಂದು ಮಾತು ಹೇಳಬಾರದಿತ್ತೇ? ಇದು ಅವಳದೇ ತಪ್ಪು. ನನಗೆ ಅವಳ ಮೇಲೆ ಸಿಟ್ಟು ಬಂದಿದೆ.

೩ ಸೆಪ್ಟೆಂಬರ್

ಯೋಗಿತಾಳ ಅಪ್ಪ ಗುರುಲಿಂಗ ಕಾಕಾ ಶಾಲೆಗೆ ಬಂದು ಅವಳ ಟಿ.ಸಿ. ತೆಗೆಸಿಕೊಂಡು ಹೋದರು. ನಕಲು ಮಾಡಿದ ಹುಡುಗಿ ಎಂದು ಹೆಡ್ ಸರ್ ಎಲ್ಲರ ಮುಂದೆ ಹೇಳಿದರಂತೆ.

ಸಂಜೆ ಅವಳ ಅವ್ವ ಪ್ರಯಾಗಬಾಯಿ ಕಾಕು ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ನಿಂತಳು, ಚಹಾ ಬೇಡವೆಂದಳು.

"ಮೀನಲ, ನೀನಾದ್ರೂ ಹೇಳು. ನಮ್ಮ ಹುಡುಗಿ ನಿಂದು ನೋಡಿ ಬರದಾಳೇನು?"

"ನಾ ಮುಂದ ಕೂತಿದ್ದೆ ಕಾಕು. ಹಿಂದಿಂದು ನನಗ ಹ್ಯಾಂಗ ಕಾಣ್ತದ?"

ಕಾಕು ಸೆರಗು ಸರಿಮಾಡಿಕೊಂಡು ಹೋದಳು. ಅವ್ವ ಒಲೆಯ ಮುಂದಿನಿಂದ ತಿರುಗಿ ನೋಡಲಿಲ್ಲ, ಆದರೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

"ನೀವಿಬ್ರೂ ಸುಣ್ಣದ ನೀರ, ಸುಣ್ಣದ ನೀರ ಅಂತ ಈ ಕಟ್ಟಿ ಮ್ಯಾಗೇ ಕೂತು ಒದರತಿದ್ರಲ್ಲ?"

"ಅವ್ವಾ, ನಿನಗ ಇದ್ರಾಗಿಂದು ಏನೂ ತಿಳ್ಯಂಗಿಲ್ಲ."

ರೊಟ್ಟಿ ಹೊತ್ತಿದ್ದವು, ಅವನ್ನೇ ತಿಂದೆವು.

೧೯ ಸೆಪ್ಟೆಂಬರ್

ಈಗ ಯೋಗಿತಾಳ ಮನೆಯ ತಿರುವಿನಲ್ಲಿ ಆಟೋ ಹಿಡಿಯುವುದಿಲ್ಲ, ಮುಂದಿನ ಸ್ಟಾಪಿನವರೆಗೆ ನಡೆಯುತ್ತೇನೆ. ನಡೆದರೆ ಆರೋಗ್ಯಕ್ಕೂ ಒಳ್ಳೆಯದು. ಆ ಹೊತ್ತಿನಲ್ಲಿ ಸೂತ್ರಗಳನ್ನು ಬಾಯಿಪಾಠ ಮಾಡಬಹುದು.

೬ ಅಕ್ಟೋಬರ್

ಓದು. ಬೇರೇನೂ ಇಲ್ಲ.

೧೨ ಡಿಸೆಂಬರ್

ಪಂಡಿತ ಸರ್ ನನ್ನ ಪ್ರಯೋಗದ ಹಾಳೆಯನ್ನು ಮತ್ತೆ ತರಗತಿಗೆ ತಂದು ಓದಿದರು. ಈ ಸಲ ಯಾರೂ ನಗಲಿಲ್ಲ. ಅನುಮಾನ ಅಂದರೆ ಹೀಗೆ ಬರೆಯಬೇಕು, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ ಎಂದರು. ಎದೆ ಉಬ್ಬಿತು. ಕನ್ನಡ ಶಾಲೆಯಲ್ಲಿ ಮೊದಲು ಬಂದಾಗ ಆಗುತ್ತಿದ್ದದ್ದು ಇದೇ ಏನೋ, ಸರಿಯಾಗಿ ನೆನಪಿಲ್ಲ. ಮನೆಗೆ ಬಂದು ಯಾರಿಗೆ ಹೇಳಲಿ ಎಂದು ನೋಡಿದೆ. ಅಪ್ಪ ಅಂಗಡಿಯಲ್ಲಿದ್ದ. ಅವ್ವ ಈಗೀಗ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಓದುವ ಹುಡುಗಿಗೆ ತೊಂದರೆಯಾಗಬಾರದು ಎಂದಿರಬೇಕು.

ನನ್ನ ಬೆಂಚಿನಲ್ಲಿ ನಾನೊಬ್ಬಳೇ. ಪಕ್ಕದಲ್ಲಿ ಬ್ಯಾಗು ಇಟ್ಟುಕೊಳ್ಳುತ್ತೇನೆ. ಯಾರೂ ಬಂದು ಕೂರುವುದಿಲ್ಲ, ಆದ್ದರಿಂದ ಗಲಾಟೆಯೂ ಇಲ್ಲ.

೮ ಜನವರಿ ೨೦೨೫

ತೊಗರಿ ಕೊಯ್ಲು ನಡೆದಿದೆ. ಗುರುಲಿಂಗ ಕಾಕಾನ ಹೊಲದಲ್ಲಿ ಹೆಂಗಸರ ಸಾಲಿತ್ತು, ತಲೆಗೆ ಬಟ್ಟೆ ಕಟ್ಟಿಕೊಂಡ ಒಬ್ಬಳು ನೆಟ್ಟಗಾಗಿ ರಸ್ತೆಯ ಕಡೆ ಕೈ ಎತ್ತಿದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಯಾರೆಂದು ಗೊತ್ತಾಗಲಿಲ್ಲ. ಪೂರ್ವಪರೀಕ್ಷೆ ಹತ್ತಿರ ಬಂದಿದೆ.

೧೦ ಮಾರ್ಚ್

ಬೋರ್ಡಿನ ಪರೀಕ್ಷೆ. ವಿಜ್ಞಾನ ಒಂದು. ಅದೇ ಪ್ರಶ್ನೆ ಬಂದಿತ್ತು. ಚುನ್ಯಾಚೀ ನಿವಳೀ ಎಂದು ಬರೆದೆ. ಕೈ ಒಂದು ಕ್ಷಣವೂ ನಿಲ್ಲಲಿಲ್ಲ.

೧೩ ಮೇ

ತೊಂಬತ್ತೆರಡು.

ಅಪ್ಪ ಅಂಗಡಿಯ ಮಸಿ ಮೆತ್ತಿದ ಕೈಯಲ್ಲೇ ಪೇಢೆ ಹಂಚಿದ. ಹೆಡ್ ಸರ್ ಶಾಲು ಹೊದಿಸಿ ಫೋಟೋ ತೆಗೆಸಿದರು, ನಲವತ್ತೊಂದರಿಂದ ತೊಂಬತ್ತೆರಡು ಎಂದು ಬೋರ್ಡ್ ಬರೆಸಿ ಗೇಟಿಗೆ ಹಾಕುತ್ತಾರಂತೆ. ಪಂಡಿತ ಸರ್ ನನ್ನ ತಲೆಯ ಮೇಲೆ ಕೈ ಇಟ್ಟರು. ಅವ್ವ ಪೇಢೆಯ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು, ಉಳಿದದ್ದನ್ನು ಗೂಡಿನಲ್ಲಿಟ್ಟಳು.

ವೈಭವನಿಂದ ತಿಳಿದದ್ದು: ಯೋಗಿತಾ ಹೊರಗಿನಿಂದಲೂ ಪರೀಕ್ಷೆಗೆ ಕೂರಲಿಲ್ಲ. ಫಾರ್ಮನ್ನೇ ತುಂಬಲಿಲ್ಲವಂತೆ. ಇದರಿಂದ ಬರುವ ಅನುಮಾನ: ಅವಳಿಗೆ ಓದುವ ಮನಸ್ಸೇ ಇರಲಿಲ್ಲ.

೨ ಜುಲೈ

ಉದಗೀರದ ಪಟ್ಟಿಯಲ್ಲಿ ಹೆಸರು ಬಂದಿದೆ. ಸುಮಂಗಲಾ ಅಕ್ಕನ ಹಾಸ್ಟೆಲ್ಲಿನಲ್ಲೇ ಜಾಗ. ಇಷ್ಟು ದಿನ ಇದನ್ನೇ ಬೇಡಿಕೊಂಡಿದ್ದೆ. ಹೆಸರನ್ನು ಮೂರು ಸಲ ನೋಡಿದೆ, ಆಮೇಲೆ ಫೋನು ಕೆಳಗಿಟ್ಟು ಬಟ್ಟೆ ಮಡಚಿದೆ.

೨೧ ಜುಲೈ, ನಿಲಂಗಾ

ಬೆಳಿಗ್ಗೆ ಅವ್ವನ ಕಾಲಿಗೆ ಬಿದ್ದು ಹೊರಟೆ. "ಛಂದಾಗಿ ಓದು" ಎಂದಳು, ಅಷ್ಟೇ.

ನಿಲಂಗಾದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಉದಗೀರದ ಗಾಡಿ ಯಾವಾಗ ಎಂದು ಕೇಳಲು ಅಪ್ಪ ಹೋದ. ನಾನು ಟ್ರಂಕಿನ ಮೇಲೆ ಕೂತಿದ್ದೆ. ಹಿಂದಿನಿಂದ ಯಾರೋ ಕಣ್ಣು ಮುಚ್ಚಿದರು. ಕೈ ಒರಟಾಗಿತ್ತು, ಬಳೆಗಳು ನನ್ನ ಕಿವಿಗೆ ತಾಗಿದವು. ತಿರುಗಿ ನೋಡಿದರೆ ಯೋಗಿತಾ.

ಸೀರೆ ಉಟ್ಟಿದ್ದಳು, ಬೆರಳಿಗೆ ಉಂಗುರ. ಹೋದ ತಿಂಗಳು ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಆಯಿತಂತೆ, ದೀಪಾವಳಿ ಕಳೆದು ಮದುವೆ. ನನ್ನಷ್ಟೇ ವಯಸ್ಸು ಅವಳಿಗೆ. ಹುಡುಗ ಭಾಲ್ಕಿ ಕಡೆಯವನು. ಆ ಕಡೆಗೇ ಇರುವ ಸೋದರಮಾವನ ಊರಿಗೆ ಹೊರಟು ಅಲ್ಲಿ ಬಸ್ಸಿಗೆ ಕಾದಿದ್ದರು. ಪ್ರಯಾಗಬಾಯಿ ಕಾಕು ದೂರದ ಕಂಬದ ಹತ್ತಿರ ಗಂಟುಗಳ ಮಧ್ಯೆ ನಿಂತಿದ್ದಳು. ನನ್ನನ್ನು ಕಂಡಳು, ಮುಖ ತಿರುಗಿಸಿದಳು.

"ತೊಂಬತ್ತೆರಡ ತಗೊಂಡಿಯಂತ! ನಾ ಊರ ತುಂಬ ಹೇಳೀನಿ, ನನ್ನ ಗೆಳತಿ ಅಂತ," ಎಂದಳು ಯೋಗಿತಾ. ನನ್ನ ಟ್ರಂಕನ್ನು ಮುಟ್ಟಿ ನೋಡಿದಳು. "ನನಗ ನೀ ಕಲಿಸಿದ್ದೇ ಕೆಲಸಕ್ಕ ಬಂತ ನೋಡು. ಅವರ ಊರಾಗ ಎಲ್ಲಾ ಕನ್ನಡದಾಗೇ ಅದ. ಈಗ ಒತ್ತಕ್ಷರ ಭಿ ಬರ್ತಾವ, ನಾನೇ ಕಲ್ತೀನಿ."

ಆಗಲೇ ಕರ್ನಾಟಕದ ಬಸ್ಸು ಬಂದು ನಿಂತಿತು. ಅವಳು ಬೆರಳೆತ್ತಿ ಬೋರ್ಡನ್ನು ಓದಿದಳು. "ಭಾ. ಲ್ಕಿ." ಲ್ಕಿ ಎನ್ನುವಾಗ ನಿಲ್ಲಲಿಲ್ಲ, ನನ್ನ ಮುಖ ನೋಡಿದಳು, ಮೊದಲು ಕಟ್ಟೆಯ ಮೇಲೆ ನೋಡುತ್ತಿದ್ದ ಹಾಗೆಯೇ. ನಾನು ತಲೆಯಾಡಿಸಿದೆ.

ಆಮೇಲೆ ಧ್ವನಿ ಇಳಿಸಿ ಹೇಳಿದಳು. "ನಮ್ಮವ್ವಂದು ಮನಸಿಗೆ ಹಚ್ಕೋಬ್ಯಾಡ. ಮೀನಲಾನೇ ಏನೋ ಹೇಳ್ಯಾಳ ಅಂತಾಳ ಅಕಿ. ನಾ ಜಗಳಾಡೀನಿ. ನಾ ಸರ್ ಮುಂದ ನಿನ್ನ ಹೆಸರ ತಗೀಲಿಲ್ಲ, ನಿಂದು ಭಿ ಕೆಡ್ತದ ಅಂತ. ನೀನಾದ್ರೂ ನನ್ನ ಹೆಸರ ಹ್ಯಾಂಗ ತಗೀತಿ? ನಿನ್ನ ಮ್ಯಾಲ ನನಗ ಅನುಮಾನ ಇಲ್ಲವ್ವ."

ಅನುಮಾನ. ಆ ಮಾತನ್ನು ಆ ಅರ್ಥದಲ್ಲಿ ಕೇಳಿ ಎಷ್ಟು ದಿನವಾಗಿತ್ತೋ. ಅವಳು ಏನು ಹೇಳಿದಳೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ಸುಣ್ಣದ ಮಾತು ಬಾಯಿಯವರೆಗೆ ಬಂದಿತು. ಹೇಳಬೇಕೆಂದೇ ಬಾಯಿ ತೆರೆದೆ. "ಬಸ್ ಹೋಗ್ತದ ನೋಡು" ಎಂದೆ.

ಓಡಿದಳು. ಕಿಟಕಿಯ ಪಕ್ಕ ಕೂತು ಕೈಬೀಸಿದಳು. ಕಾಕು ಆಚೆ ಕಡೆ ನೋಡುತ್ತಿದ್ದಳು. ಬಸ್ಸು ತಿರುಗಿ ಕಾಣೆಯಾಗುವವರೆಗೂ ನಾನೂ ಕೈ ಬೀಸಿದೆ. ಅಪ್ಪ ಬಂದು, ಯಾರಿದ್ರು ಎಂದ. ಊರಿನವರು ಎಂದೆ.

ಉದಗೀರದ ಬಸ್ಸು ತಡವಾಗಿದೆ. ಟ್ರಂಕಿನ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಯೋಗಿತಾಗೆ ಈಗ ಕನ್ನಡ ಓದಲು ಬರುತ್ತದೆ, ಒತ್ತಕ್ಷರವೂ ಸೇರಿ.

ನಾಳೆಯಿಂದ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಹೇಗೂ ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷೇ ಅಂತೆ, ಅಭ್ಯಾಸವೂ ಆಗುತ್ತದೆ.